ಗುರುವಾರ, ಮೂರನೇ ಪೀರಿಯಡ್

ನಿವೃತ್ತಿಯ ದಿನ ನನಗೆ ನಾಲ್ಕು ಶಾಲು, ಎರಡು ಗೋಡೆ ಗಡಿಯಾರ ಮತ್ತು ‘ಶಿಸ್ತಿನ ಸಿಪಾಯಿ’ ಎಂಬ ಬಿರುದು ಸಿಕ್ಕವು. ಶಾಲುಗಳನ್ನು ನನ್ನ ಹೆಂಡತಿ ಬೇರೆಯವರ ಸನ್ಮಾನಗಳಿಗೆ ಒಂದೊಂದಾಗಿ ದಾಟಿಸಿ ಮುಗಿಸಿದ್ದಾಳೆ. ಗಡಿಯಾರಗಳು ಒಂದರ ಮಾತನ್ನು ಇನ್ನೊಂದು ಒಪ್ಪುವುದಿಲ್ಲ. ಬಿರುದೊಂದು ಮಾತ್ರ ಉಳಿದಿದೆ. ಅದನ್ನು ಯಾರಿಗೂ ದಾಟಿಸುವ ಹಾಗಿಲ್ಲ.

ಅವತ್ತು ಹೊಸದಾಗಿ ನೇಮಕವಾಗಿ ಬಂದಿದ್ದ ಶಿಕ್ಷಕಿಯೊಬ್ಬರು ಊಟಕ್ಕೆ ಕೂತಾಗ ಕೇಳಿದರು: “ಸಾರ್, ಈ ಕಡೆ ಹುಡುಗರನ್ನ ಇಷ್ಟು ವರ್ಷ ಹೇಗೆ ಹಿಡಿತದಲ್ಲಿ ಇಟ್ಕೊಂಡ್ರಿ? ನಾನು ಹಾಸನದ ಕಡೆಯವಳು. ನನ್ನ ಮಾತು ಕೇಳಿದ್ರೆ ಅವರಿಗೆ ನಗು, ಅವರ ಮಾತು ಕೇಳಿದ್ರೆ ನನಗೆ ಭಯ.” ನನ್ನ ಬಾಯಲ್ಲಿ ಹೋಳಿಗೆ ಇತ್ತು. ಇಲ್ಲದಿದ್ದರೂ ಉತ್ತರ ಇರಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಬಡ್ತಿ, ಪ್ರಶಸ್ತಿ, ವೇತನ ಶ್ರೇಣಿಗಳ ಸಂಗತಿ ಇಲ್ಲಿಲ್ಲ. ಅವೆಲ್ಲ ಸೇವಾ ಪುಸ್ತಕದಲ್ಲಿವೆ. ಅದನ್ನು ಈಗ ಗೆದ್ದಲು ಶ್ರದ್ಧೆಯಿಂದ ಓದುತ್ತಿದೆ.

ನಾನು ಮದ್ದೂರಿನ ಕಡೆಯವನು. ಗಣಿತದ ಮೇಷ್ಟ್ರಾಗಿ ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಒಂದು ಊರಿನ ಪ್ರೌಢಶಾಲೆಗೆ ಬಂದಾಗ ನನ್ನ ಬಳಿ ಎರಡು ಸಾಮಾನಿದ್ದವು: ಒಂದು ಹಾಸಿಗೆ ಸುರುಳಿ, ಅದರೊಳಗೆ ಒಂದು ಬೆತ್ತ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಬೇರೆ ಮಕ್ಕಳು ಓದುತ್ತಿದ್ದಾರೆ. ಮೊದಲ ದಿನ ಬೋರ್ಡಿನ ಕಡೆ ತಿರುಗಿ “ಬರ್ಕೊಳಿ ಎಲ್ರೂವೆ” ಎಂದೆ. ಹಿಂದಿನಿಂದ ಮೂವತ್ತೈದು ಗಂಟಲುಗಳು ಮೆಲ್ಲಗೆ “ಎಲ್ರೂವೇ” ಎಂದವು. ತಿರುಗಿದರೆ ಎಲ್ಲರೂ ಬರೆಯುತ್ತಿದ್ದರು. ಹೀಗೆ ನನ್ನ ಮತ್ತು ಆ ಸೀಮೆಯ ನಡುವೆ ಯುದ್ಧ ಘೋಷಣೆಯಾಯಿತು.

ಯುದ್ಧದಲ್ಲಿ ಎದುರಾಳಿಗಳ ಹೆಸರು ತಿಳಿದಿರಬೇಕು. ಹಾಜರಿ ಪುಸ್ತಕ ತೆರೆದರೆ ಒಂದೇ ತರಗತಿಯಲ್ಲಿ ಆರು ಜನ ಕೊಟ್ರೇಶ. ಕೊಟ್ಟೂರಿನ ಸುತ್ತಲಿನವರಿಗೆ ಇದೊಂದು ತೊಡಕೇ ಅಲ್ಲ. ಮನೆತನದ ಹೆಸರು ಹಿಡಿದು ಕರೆಯುತ್ತಾರೆ. ನಾನು ಗಣಿತದವನು. ‘ಕೊಟ್ರೇಶ ಒಂದು, ಕೊಟ್ರೇಶ ಎರಡು’ ಎಂದು ಸಂಖ್ಯೆ ಕೊಟ್ಟೆ. ಉಳಿದವರಿಗೂ ಹೆಸರಿನ ಬದಲು ಸಂಖ್ಯೆಯೇ. ವರ್ಷ ವರ್ಷವೂ ಅದೇ ಪದ್ಧತಿ ನಡೆಸಿದೆ. ಹಾಜರಿ ಕರೆಯುವುದಕ್ಕೆ ಎರಡು ನಿಮಿಷ ಸಾಕಾಗುತ್ತಿತ್ತು. ತಲೆ ಎತ್ತಿ ಯಾರ ಮುಖವನ್ನೂ ನೋಡುವ ಅಗತ್ಯ ಬೀಳುತ್ತಿರಲಿಲ್ಲ. ಇದನ್ನು ನಾನು ದಕ್ಷತೆ ಎಂದು ತಿಳಿದಿದ್ದೆ.

ಹೀಗೆ ಹದಿನೆಂಟು ಹತ್ತೊಂಬತ್ತು ವರ್ಷ ದಕ್ಷನಾಗಿದ್ದ ಮೇಲೆ ಬೀರಪ್ಪ ಎಂಟನೇ ತರಗತಿಗೆ ಬಂದ. ಕುರಿ ಸಾಕುವ ಮನೆಯ ಹುಡುಗ. ಹೆಗಲವರೆಗೆ ಕೂದಲು, ಎಣ್ಣೆ ಕಾಣದ್ದು, ಒಂದಕ್ಕೊಂದು ಹೆಣೆದುಕೊಂಡಿತ್ತು. ಮೂರು ಸಲ ಹೇಳಿದೆ, ಕತ್ತರಿಸಿಕೊಂಡು ಬಾ ಎಂದು. ಮೂರು ಸಲವೂ “ಹೂಂ ಸಾ” ಎಂದ. ನಾಲ್ಕನೆಯ ಸಲ ನಾನೇ ಆಫೀಸಿನಿಂದ ಕತ್ತರಿ ತಂದು ಇಡೀ ತರಗತಿಯ ಮುಂದೆ ಕತ್ತರಿಸಿದೆ. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಕೈ ಹಾಕಿದಾಗ ಗಮನಕ್ಕೆ ಬಂತು, ಯಾರೂ ನಗುತ್ತಿಲ್ಲ. ನನ್ನ “ಎಲ್ರೂವೆ” ಕೇಳಿದರೂ ನಗುವ ಮಕ್ಕಳು.

ಮಧ್ಯಾಹ್ನ ಅವನ ತಾಯಿ ಬಂದಳು. ಕೂಗಾಡುತ್ತಾಳೆ ಎಂದುಕೊಂಡು ನಾನು ನಿಯಮಗಳನ್ನು ಸಿದ್ಧಮಾಡಿಕೊಂಡಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಕೂತು, ಬೆಂಚುಗಳ ಸಂದಿಯಿಂದ ಒಂದೊಂದೇ ಎಳೆ ಆರಿಸಿ ಸೆರಗಿಗೆ ಹಾಕಿಕೊಂಡಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಮೈಲಾರಲಿಂಗಪ್ಪಗ ಬಿಟ್ಟಿದ್ದು ಸಾ. ಇವನಿಗಿಂತ ಮೊದ್ಲಿನವು ಎರಡು ಉಳೀಲಿಲ್ಲ. ಇದು ಉಳೀಲಿ ಅಂತ ಬೇಡಿಕ್ಯಂಡು ಬಿಟ್ಟಿದ್ದು. ಮುಂದಿನ ವರ್ಸ ಮೈಲಾರದಾಗ ತೆಗಸಬೇಕಿತ್ತು” ಎಂದಳು. ಅಷ್ಟೇ. ಅರ್ಧ ತಲೆಯ ಮಗನನ್ನು ಕರೆದುಕೊಂಡು ಹೋದಳು.

ಬೀರಪ್ಪ ವಾರದ ಮೇಲೆ ತಲೆಗೊಂದು ಟವೆಲು ಸುತ್ತಿಕೊಂಡು ಬಂದ. ನಾನು ಕ್ಷಮೆ ಕೇಳಲಿಲ್ಲ. ಮೇಷ್ಟ್ರು ಕ್ಷಮೆ ಕೇಳುವುದಕ್ಕೆ ಆಗಿನ ಪಠ್ಯಕ್ರಮದಲ್ಲಿ ಅವಕಾಶವಿರಲಿಲ್ಲ. ಬದಲಿಗೆ ಅವನನ್ನು ಮಾತಾಡಿಸಲು ಶುರುಮಾಡಿದೆ. ಒಂದು ದಿನ ಕೇಳಿದೆ, “ನಿಮ್ಮ ಮಂದೆಯಲ್ಲಿ ಎಷ್ಟು ಕುರಿ ಇದಾವೋ?”

“ಗೊತ್ತಿಲ್ಲ ಸಾ.”

“ಎಣಿಸಲ್ವೇನೋ?”

“ಎಣಿಸಬಾರದು ಸಾ. ಎಣಿಸಿದ್ರ ಕಡಿಮಿ ಆಗ್ತಾವು. ನಮ್ಮಜ್ಜ ಬೈತಾನ.”

“ಮತ್ತೆ ಒಂದು ತಪ್ಪಿಸ್ಕೊಂಡ್ರೆ ಹೇಗೆ ಗೊತ್ತಾಗ್ತದೆ?”

ಅವನು ನನ್ನನ್ನು ಕನಿಕರದಿಂದ ನೋಡಿದ. “ಮಕ ನೋಡಿದ್ರ ಗೊತ್ತಾಗ್ತತಿ ಸಾ, ಯಾವ ಮಕ ಇಲ್ಲ ಅಂತ.”

ಇದನ್ನು ನಾನು ಸ್ಟಾಫ್ ರೂಮಿನಲ್ಲಿ ತಮಾಷೆಯಾಗಿ ಹೇಳಿ ಎಲ್ಲರನ್ನೂ ನಗಿಸಿದೆ. ನಗದವರು ಹೆಡ್‌ಮಾಸ್ಟರು ಒಬ್ಬರೇ. ಅವರು ಹರಪನಹಳ್ಳಿಯವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಹಣೆಗೆ ಯಾವಾಗಲೂ ತಲೆನೋವಿನ ಮುಲಾಮು. ಇಲಾಖೆಯ ಪ್ರತಿ ಸುತ್ತೋಲೆಯನ್ನೂ ಮೂರು ಸಲ ಓದುವರು, ಒಂದು ಸಲವೂ ಪಾಲಿಸರು. “ನೀವು ನಗ್ತೀರಿ ಮೇಷ್ಟ್ರೆ, ಆ ಹುಡುಗ ಹೇಳಿದ್ದು ಟ್ರೈನಿಂಗ್‌ನಾಗೂ ಹೇಳಲ್ಲ” ಎಂದು ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿದರು.

ಟ್ರೈನಿಂಗ್ ಎಂದರಲ್ಲ, ಅದು ಬಂತು. ಮಕ್ಕಳನ್ನು ಹೊಡೆಯುವಂತಿಲ್ಲ, ಬೆತ್ತ ಶಾಲೆಯ ಆವರಣದಲ್ಲೇ ಇರುವಂತಿಲ್ಲ ಎಂದು ಮೂರು ದಿನ ಕೂಡಿಸಿ ಹೇಳಿದರು. ಹೇಳಿದವರು ನಮ್ಮ ಜೊತೆಯವರೇ. ಅವರ ಬೆತ್ತ ನನ್ನದಕ್ಕಿಂತ ದಪ್ಪ. ನಾನು ಮರಳಿ ಬಂದು ಬೆತ್ತವನ್ನು ಆಫೀಸಿನ ಬೀರುವಿನ ಹಿಂದೆ ಮಲಗಿಸಿದೆ. ಎರಡು ತಿಂಗಳು ತರಗತಿ ಸಂತೆಯಾಯಿತು. ಆಗ ನನಗೊಂದು ಉಪಾಯ ಹೊಳೆಯಿತು. ಅದು ಹೊಸದೇನಲ್ಲ, ನಾನೇ ಹುಡುಗನಾಗಿದ್ದಾಗ ಉಂಡದ್ದು. ಪ್ರಶ್ನೆ ಕೇಳುವುದು, ಉತ್ತರ ಬಾರದವರು ಸಾಲಾಗಿ ನಿಲ್ಲುವುದು, ಉತ್ತರ ಹೇಳಿದವರು ಬಂದು ಎಡಗೈಯಲ್ಲಿ ಅವರ ಮೂಗು ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸುವುದು. ಮೆಲ್ಲಗೆ ಬಾರಿಸಿದವರಿಗೆ ಮೇಷ್ಟ್ರು ಮಾದರಿ ತೋರಿಸಿಕೊಡುವುದು. ಕಾನೂನು ಮೇಷ್ಟ್ರ ಕೈಯನ್ನು ಕಟ್ಟಿತ್ತು. ಮಕ್ಕಳ ಕೈಯ ಬಗ್ಗೆ ಸುತ್ತೋಲೆಯಲ್ಲಿ ಒಂದಕ್ಷರವೂ ಇರಲಿಲ್ಲ.

ತರಗತಿ ಒಂದೇ ವಾರದಲ್ಲಿ ಸದ್ದಡಗಿತು. ಸುದ್ದಿ ಹೆಡ್‌ಮಾಸ್ಟರಿಗೆ ಹೋಯಿತು. ಕರೆಸಿದರು.

“ಮೇಷ್ಟ್ರೆ, ಈ ಮೂಗು ಹಿಡಿಸೋ ಆಟ ಇಲ್ಲಿ ಬ್ಯಾಡ.”

“ಯಾಕೆ ಸಾರ್? ನಾನೇನು ಹೊಡೀತಿಲ್ಲವಲ್ಲ.”

“ನೀವು ಹೊಡೀರಿ ಬೇಕಾದ್ರೆ, ನಾನು ಆ ಕಡೆ ತಿರುಗ್ತೀನಿ. ಯಾರ ಕೈ ಯಾರ ಮೂಗಿಗೆ ಹೋಗುತ್ತೆ ಅಂತ ಊರಾಗೆ ಲೆಕ್ಕ ಇರುತ್ತೆ. ನಿಮಗೆ ಆ ಲೆಕ್ಕ ಬರಲ್ಲ.”

ಗಣಿತದ ಮೇಷ್ಟ್ರಿಗೆ ಲೆಕ್ಕ ಬರುವುದಿಲ್ಲ ಎನ್ನುವುದೆ! ಇವರು ಜಾತಿ ನೋಡುವ ಮನುಷ್ಯ ಎಂದು ಅಲ್ಲೇ ತೀರ್ಮಾನಿಸಿದೆ. ನಾನು ನೋಡುವವನಲ್ಲ ಎಂಬ ಹೆಮ್ಮೆಯಿಂದ ಎದೆ ಎತ್ತಿ ಹೊರಗೆ ಬಂದೆ. ನಾನು ನೋಡುತ್ತಿರಲಿಲ್ಲ, ನಿಜ. ಏನನ್ನೂ ನೋಡುತ್ತಿರಲಿಲ್ಲ.

ಆ ವರ್ಷ ಬೀರಪ್ಪನ ತರಗತಿ ಒಂಬತ್ತಕ್ಕೆ ಬಂದಿತ್ತು. ಅದರಲ್ಲಿ ದುರುಗಮ್ಮ ಎಂಬ ಹುಡುಗಿ ಇದ್ದಳು. ಊರ ಹೊರಗಿನ ಕೇರಿಯವಳು. ಎರಡನೇ ಸಾಲಿನ ಗೋಡೆ ಪಕ್ಕ ಕೂರುತ್ತಿದ್ದಳು. ಪರೀಕ್ಷೆಯಲ್ಲಿ ಲೆಕ್ಕಗಳೆಲ್ಲ ಸರಿ. ಎದ್ದು ನಿಲ್ಲಿಸಿ ಕೇಳಿದರೆ ನೆಲ ನೋಡುವಳು. ಆ ಕೇರಿಯಿಂದ ಹತ್ತನೇ ತರಗತಿಯ ಪರೀಕ್ಷೆಗೆ ಕೂತ ಹೆಣ್ಣುಮಗು ಅಲ್ಲಿಯವರೆಗೆ ಒಂದೂ ಇರಲಿಲ್ಲ. ಇವಳು ಕೂರುತ್ತಾಳೆ, ಪಾಸಾಗುತ್ತಾಳೆ, ಗಣಿತದಲ್ಲಿ ತಾಲ್ಲೂಕಿಗೇ ಹೆಸರು ತರುತ್ತಾಳೆ ಎಂದು ನಾನು ಲೆಕ್ಕ ಹಾಕಿಟ್ಟಿದ್ದೆ. ಅವಳಿಗೂ ಆ ಆಸೆ ಇದೆ ಎಂಬುದು, ನಾನು ಕೊಟ್ಟ ಹಳೆಯ ಪ್ರಶ್ನೆಪತ್ರಿಕೆಗಳನ್ನು ಅವಳು ಒಂದೇ ರಾತ್ರಿಗೆ ಬಿಡಿಸಿ ತರುತ್ತಿದ್ದುದರಿಂದಲೇ ಗೊತ್ತಾಗುತ್ತಿತ್ತು. ಬಾಯಿ ಬಿಡದಿರುವುದೊಂದೇ ಕೊರತೆ. ಅದನ್ನು ನೀಗಿಸುವುದು ನನ್ನ ಪವಿತ್ರ ಕರ್ತವ್ಯವೆಂದು ಭಾವಿಸಿ ಒಂದು ದಿನ ಕರೆದು ಹೇಳಿದೆ: “ಉತ್ತರ ಗೊತ್ತಿದ್ದೂ ಹೇಳದೆ ಇರೋದು ಕಳ್ಳತನ ಕಣಮ್ಮ.” ಅವಳ ಕಣ್ಣು ತುಂಬಿತು. ಉಪದೇಶ ನಾಟಿತು ಎಂದುಕೊಂಡೆ.

ನಾಟಿತ್ತು. ಮುಂದಿನ ಗುರುವಾರ ಮೂರನೇ ಪೀರಿಯಡ್. ಚಳಿಗಾಲ, ಅರ್ಧ ತರಗತಿಗೆ ನೆಗಡಿ. ಬೋರ್ಡಿನ ಮೇಲೆ ಒಂದು ಆಯತ ಬರೆದೆ. ಇಪ್ಪತ್ತನಾಲ್ಕು ಮೀಟರು ಉದ್ದ, ಏಳು ಮೀಟರು ಅಗಲದ ಹೊಲ. ಒಂದು ಮೂಲೆಯಿಂದ ಎದುರು ಮೂಲೆಗೆ ನೇರ ನಡೆದರೆ ಎಷ್ಟು ದೂರ? ಗಂಡುಹುಡುಗರ ಸಾಲಿನಿಂದ ಶುರುಮಾಡಿದೆ. ಒಬ್ಬ ಮೂವತ್ತೊಂದು ಎಂದ, ಒಬ್ಬ ಹದಿನೇಳು ಎಂದ, ಬೀರಪ್ಪ “ಹೊಲದಾಗ ಅಡ್ಡ ಹೋದ್ರ ಬೈತಾರ ಸಾ” ಎಂದ. ಹದಿನೆಂಟು ಜನ ನಿಂತರು. ನಾನು ಹುಡುಗಿಯರ ಕಡೆ ತಿರುಗಿದೆ. ದುರುಗಮ್ಮ ತಾನಾಗಿಯೇ ಎದ್ದಳು.

“ಇಪ್ಪತ್ತೈದು ಸಾ.”

ಆ ದನಿಯನ್ನು ತರಗತಿ ಮೊದಲ ಸಲ ಕೇಳಿತು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. “ಶಭಾಷ್! ಬಾ, ಹಿಡಿ ಇವರ ಮೂಗು” ಎಂದೆ.

“ಬ್ಯಾಡ ಸಾ.”

“ಬ್ಯಾಡ ಅಂದ್ರೆ? ಬಾ.”

“ನಾ ವಲ್ಲೆ ಸಾ.”

ಆಗ ನಾನೊಂದು ಭಾಷಣ ಮಾಡಿದೆ. ಈ ನಾಲ್ಕು ಗೋಡೆಗಳ ನಡುವೆ ದೊಡ್ಡವರು ಚಿಕ್ಕವರು ಎಂಬುದಿಲ್ಲ, ಉತ್ತರ ಬಲ್ಲವರು ಮತ್ತು ಬಾರದವರು ಎಂಬ ಎರಡೇ ಜಾತಿ, ಇತ್ಯಾದಿ. ಬಹಳ ಚೆನ್ನಾಗಿತ್ತು. ಮುಗಿಸಿದಾಗ ದುರುಗಮ್ಮ ಸಾಲಿನ ಮುಂದೆ ನಿಂತಿದ್ದಳು. ಮೊದಲು ನಿಂತವನು ಕೊಟ್ರೇಶ ನಾಲ್ಕು. ನನಗೆ ಅವನು ಸಂಖ್ಯೆ. ಆ ಊರಿಗೆ ಅವನು ಬೇರೆ: ಅರ್ಧ ಊರಿನ ಹೊಲ ಅವನ ಅಪ್ಪನದು, ದುರುಗಮ್ಮನ ಅಪ್ಪ ಅವರ ಮನೆಯ ಟ್ರಾಕ್ಟರು ಓಡಿಸುವವನು, ಅವ್ವ ಅವರ ಹೊಲದಲ್ಲಿ ಕಳೆ ತೆಗೆಯುವವಳು.

ಅವಳು ಸಮವಸ್ತ್ರದ ವೇಲಿನ ತುದಿಯನ್ನು ಎಡಗೈ ಬೆರಳುಗಳಿಗೆ ಸುತ್ತಿಕೊಂಡಳು. ಬಲ ಅಂಗೈಗೂ ಇನ್ನೊಂದು ತುದಿ ಸುತ್ತಿದಳು. ನಿಧಾನವಾಗಿ, ಒಂದು ಬೆರಳೂ ಕಾಣದ ಹಾಗೆ. ಕೊಟ್ರೇಶನ ಮೂಗು ಸುರಿಯುತ್ತಿತ್ತು. ಇವಳಿಗೆ ಹೇಸಿಗೆ ಎಂದು ನಾನು ತಿಳಿದೆ.

“ಏನಮ್ಮಾ, ಮಹಾರಾಣಿಯವರಿಗೆ ಗಲೀಜಾಗ್ತದೋ? ವೇಲು ಬಿಡಿಸು. ಬರಿಗೈಲಿ ಹಿಡಿ.”

“ಸಾ, ಹಿಂಗ ಇರ್ಲಿ ಸಾ.”

“ಬರಿಗೈಲಿ!”

ಬಿಡಿಸಿದಳು. ಹಿಡಿದಳು. ಮೆಲ್ಲಗೆ ತಟ್ಟಿದಳು. “ಗಟ್ಟಿ” ಎಂದೆ. ಎರಡನೆಯವನಿಗೆ ಗಟ್ಟಿಯಾಗಿ ಬಾರಿಸಿದಳು. ಆಮೇಲೆ ನಾನು ಹೇಳುವ ಅಗತ್ಯ ಬೀಳಲಿಲ್ಲ. ಯಂತ್ರದ ಹಾಗೆ ಹದಿನೆಂಟೂ ಮುಗಿಸಿ ತನ್ನ ಜಾಗಕ್ಕೆ ಹೋಗಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ತರಗತಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಾಗಿತ್ತು. ಮಕ್ಕಳಿಗೆ ನನ್ನ ಮೇಲೆ ಇಷ್ಟು ಗೌರವ ಹಿಂದೆಂದೂ ಇರಲಿಲ್ಲ ಎಂದುಕೊಂಡು ಆಯತದ ಕರ್ಣವನ್ನು ಬಿಡಿಸಿ ತೋರಿಸಿದೆ.

ಕಿರಿಯ ಮಿತ್ರರೇ, ನಿಶ್ಶಬ್ದದಲ್ಲಿ ಹಲವು ಬಗೆ. ಅದು ಯಾವ ಬಗೆ ಎಂದು ವಿಚಾರಿಸದೆ ಸಂಭ್ರಮಪಡಬೇಡಿ.

ಶುಕ್ರವಾರ, ಶನಿವಾರ ದುರುಗಮ್ಮ ಬಂದಿದ್ದಳು. ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಹಾಜರಿಯಲ್ಲಿ ನಾನು ಆಕೆಯ ಸಂಖ್ಯೆ ಕರೆದೆ, ಸದ್ದು ಬರಲಿಲ್ಲ, ಗೈರು ಗುರುತು ಹಾಕಿದೆ, ಮುಂದಿನ ಸಂಖ್ಯೆ ಕರೆದೆ. ಮಂಗಳವಾರ ಪೀರಿಯಡ್ ಮುಗಿದ ಮೇಲೆ ಬೀರಪ್ಪ ನನ್ನ ಹಿಂದೆಯೇ ಕಾರಿಡಾರಿಗೆ ಬಂದ.

“ಸಾ, ಎರಡನೇ ಸಾಲಿನಾಗ ಗ್ವಾಡಿ ಕಡೆ ಮಕ ಇಲ್ಲ ಸಾ.”

“ಗೊತ್ತು ಕಣೋ. ಹುಷಾರಿಲ್ವೇನೋ.”

“ಹುಷಾರದಾಳ ಸಾ.” ಅವನು ಆ ಕಡೆ ಈ ಕಡೆ ನೋಡಿದ. “ಅವರಪ್ಪನ್ನ ರವಿವಾರ ಮುಂಜಾನಿ ಗುಡಿ ಕಟ್ಟಿ ಮುಂದ ಊರ ದೊಡ್ಡೋರು ಕರೆಸಿದ್ರು. ನಾ ಕುರಿ ಹೊಡ್ಕಂಡು ಹೊಂಟಿದ್ನಿ. ನಿಂತು ನೋಡಿದ್ನಿ.”

“ಏನಂತೆ?”

“ನಿನ್ನ ಮಗಳು ಎಷ್ಟು ಮಂದಿ ಮೂಗು ಹಿಡಿದಾಳೋ ಅಷ್ಟು ಸಲ ನಿನ್ನ ಮೂಗು ನೀನಾ ಹಿಡಕಂಡು ನಿನ್ನ ಕಪಾಳಕ್ಕ ನೀನಾ ಬಡಕ ಅಂದ್ರು. ಬಡಕಂಡ ಸಾ. ನಾ ಎಣಿಸಬಾರದು ಅಂತನಾ ಇದ್ನಿ. ಆದ್ರೂ ಎಣಿಸಿದ್ನಿ. ಹದಿನೆಂಟು.”

ಅವತ್ತೇ ಸಂಜೆ ಶಾಲೆ ಬಿಟ್ಟ ಮೇಲೆ ಕೇರಿಗೆ ಹೋದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ದುರುಗಮ್ಮನ ಅವ್ವ ಗೋಣಿಚೀಲ ಹಾಸಿ “ಕುಂದರ್ರಿ ಸಾ” ಎಂದಳು. ಅಪ್ಪ ಒಳಗಿದ್ದ, ಹೊರಗೆ ಬರಲಿಲ್ಲ. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಪಾದ ಮಾತ್ರ ಕಾಣುತ್ತಿತ್ತು.

ಟ್ರಾಕ್ಟರಿನ ಕೀಲಿ ವಾಪಸು ಕೊಡು ಎಂದಿದ್ದಾರೆ. ಕಳೆ ತೆಗೆಯಲು ಬರಬೇಡ ಎಂದಿದ್ದಾರೆ. ಹಿಟ್ಟಿನ ಗಿರಣಿಗೆ ಜೋಳ ಒಯ್ದರೆ ಕರೆಂಟಿಲ್ಲ ಎನ್ನುತ್ತಾರೆ. ಹಿಂದೆ ಬಂದವರ ಜೋಳ ಬೀಸುತ್ತದೆ. ಇಡೀ ಕೇರಿಗೆ ಹೀಗೇ. ಯಾರೂ ಬೈದಿಲ್ಲ, ಯಾರೂ ಹೊಡೆದಿಲ್ಲ. ಅವ್ವ ಇದನ್ನೆಲ್ಲ ಮಳೆ ಬೆಳೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

“ನಿಮ್ದೇನು ತಪ್ಪಿಲ್ಲ ಬಿಡ್ರಿ ಸಾ. ನೀವು ದೂರದೋರು. ಇದರದಾ ತಪ್ಪು. ಉತ್ತರ ಬಂದ್ರೂ ಬಾಯಿ ಬಿಡಬ್ಯಾಡ ಅಂತ ಸಣ್ಣಾಕಿ ಇದ್ದಾಗಿಂದ ಹೇಳಿ ಇಟ್ಟಿದ್ನಿ. ಮರ್ತಾಳ.”

ಬಾಗಿಲ ಮರೆಯ ಪಾದಗಳು ಒಳಗೆ ಸರಿದವು.

ಅಲ್ಲಿಂದ ನೇರ ಕೊಟ್ರೇಶನ ಮನೆಗೆ ಹೋದೆ. ಅವನ ಅಪ್ಪ ಕಟ್ಟೆಯಿಂದ ಇಳಿದು ಬಂದು ಕೈ ಮುಗಿದರು. “ಬರ್ರಿ ಮೇಷ್ಟ್ರೆ, ಕುಂದರ್ರಿ. ಲೇ, ಮೇಷ್ಟ್ರಿಗಿ ಚಾ ತರ್ರಲೇ!” ನಾನು ಸಿಡುಕಿನಿಂದ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನಮಗೇನು ಸಿಟ್ಟಿಲ್ರಿ. ನೀವು ನಮ್ಮ ಹುಡುಗನ್ನ ಹೊಡೀರಿ, ಚಮ್ಡಾ ಸುಲೀರಿ, ನಾನಾ ಬಂದು ನಿಮ್ಮ ಕಾಲಿಗಿ ಬೀಳ್ತೀನಿ. ಆದ್ರ ಹೊಡಸಾಕ ನಿಮಗ ಬ್ಯಾರೆ ಕೈ ಸಿಗಲಿಲ್ಲೇನ್ರಿ?”

“ಅವಳು ನನ್ನ ಮಾತು ಕೇಳಿದಳಷ್ಟೆ. ಮಾಡಿಸಿದ್ದು ನಾನು. ನನಗೆ ಹೇಳಿ ಏನು ಹೇಳೋದಿದ್ರೂ.”

“ನಿಮಗ ಹೆಂಗ ಹೇಳಾದು? ನೀವು ಗುರುಗಳು” ಎಂದು ನಕ್ಕರು. “ಚಾ ಆರತೈತಿ, ಕುಡೀರಿ.”

ಕುಡಿದೆ. ಬೇಡ ಎನ್ನಬೇಕಿತ್ತು. ಸಕ್ಕರೆ ಸರಿಯಾಗಿತ್ತು ಎಂಬುದೂ ನೆನಪಿದೆ.

ಮರುದಿನ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಪೊಲೀಸರಿಗೆ ದೂರು ಕೊಡುತ್ತೇನೆ, ತಹಸೀಲ್ದಾರರಿಗೆ ಬರೆಯುತ್ತೇನೆ ಎಂದು ಮೇಜು ಗುದ್ದಿದೆ. ಹೀಗೆ ಊರು ಬಹಿಷ್ಕಾರ ಹಾಕಿದರೆ ಕಾನೂನಿದೆ, ಜೈಲಿದೆ, ಎಲ್ಲ ಹೇಳಿದೆ. ಅವರು ಮುಲಾಮಿನ ಡಬ್ಬಿ ಪಕ್ಕಕ್ಕಿಟ್ಟು ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದೆ ಸರಿಸಿದರು. ಮೇಲೆ ಪೆನ್ನು ಇಟ್ಟರು.

“ಬರೀರಿ. ಖಂಡಿತ ಬರೀರಿ. ನಾನೂ ಸಹಿ ಹಾಕ್ತೀನಿ.”

ಪೆನ್ನು ತೆಗೆದುಕೊಂಡೆ.

“ಮೊದಲನೇ ಸಾಲು ಏನು ಬರೀತೀರಿ, ಓದಿ ಹೇಳ್ರಿ, ಕೇಳಾನ.”

ನಾನು ಹಾಳೆಯನ್ನು ನೋಡಿದೆ. ಆ ಹುಡುಗಿಯ ಅಪ್ಪನನ್ನು ಕಟ್ಟೆಗೆ ಏಕೆ ಕರೆಸಿದರು? ಅವಳು ಹುಡುಗರ ಮೂಗು ಹಿಡಿದದ್ದಕ್ಕೆ. ಏಕೆ ಹಿಡಿದಳು? ನಿಷೇಧವಾದ ಶಿಕ್ಷೆಯನ್ನು ಅವಳ ಕೈಯಿಂದ ಕೊಡಿಸಿದ್ದು ಯಾರು? ಯಾವ ದಿನ, ಯಾವ ಪೀರಿಯಡ್? ಎಲ್ಲಿಂದ ಶುರುಮಾಡಿದರೂ ಮೊದಲನೇ ಸಾಲಿನಲ್ಲಿ ನಾನೇ ನಿಂತಿದ್ದೆ. ನನಗೆ ಎರಡು ಹೆಣ್ಣುಮಕ್ಕಳು, ಇಬ್ಬರೂ ಕಾಲೇಜಿನಲ್ಲಿ. ಅಮಾನತಾದರೆ ಏನು ಎಂದು ಹೆಡ್‌ಮಾಸ್ಟರು ಕೇಳಲಿಲ್ಲ. ಕೇಳಿದ್ದರೆ ಅವರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು, ಮೊದಲೇ ಮಾತು ಕೊಟ್ಟಿದ್ದ ಹಾಗೆ.

ಬೆಲ್ಲು ಹೊಡೆಯಿತು. “ಪೀರಿಯಡ್ ಇದೆ ಸಾರ್” ಎಂದು ಎದ್ದೆ. ಹಾಳೆ ಅಲ್ಲೇ ಉಳಿಯಿತು. ಮಧ್ಯಾಹ್ನ ಅದರ ಮೇಲೆ ಬಿಸಿಯೂಟದ ಅಕ್ಕಿ ಬೇಳೆಯ ಬೇಡಿಕೆ ಪಟ್ಟಿ ಬರೆದಿದ್ದನ್ನು ನೋಡಿದೆ.

ಹದಿನೈದು ದಿನಕ್ಕೆ ದುರುಗಮ್ಮನ ಅಪ್ಪ ವರ್ಗಾವಣೆ ಪತ್ರಕ್ಕೆ ಬಂದ. ಮಗಳನ್ನು ಹಡಗಲಿ ಕಡೆ ಅವಳ ಅತ್ತೆಯ ಊರಿಗೆ ಕಳಿಸುತ್ತಾರಂತೆ, ಅಲ್ಲೇ ಓದಿಸುತ್ತಾರಂತೆ. ಬಲಗೆನ್ನೆಯನ್ನು ಗೋಡೆಯ ಕಡೆ ಮಾಡಿ ನಿಂತಿದ್ದ. ನಮ್ಮಲ್ಲಿ ಗುಮಾಸ್ತರ ಹುದ್ದೆ ಖಾಲಿ. ಪತ್ರ ತುಂಬುವವನು ನಾನೇ. ‘ಶಾಲೆ ಬಿಡಲು ಕಾರಣ’ ಎಂಬಲ್ಲಿ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಬರೆದೆ. ‘ನಡತೆ’ ಎಂಬಲ್ಲಿ ‘ಉತ್ತಮ’ ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಆತ ಹೆಬ್ಬೆಟ್ಟು ಒತ್ತಿ, ಪತ್ರವನ್ನು ಮಡಿಸಿ, ನನಗೆ ಕೈ ಮುಗಿದು ಹೋದ. ಆ ವಾರವೇ ಗಿರಣಿಗೆ ಕರೆಂಟು ಬಂತು.

ಆಮೇಲೆ ಮೂಗು ಹಿಡಿಸುವುದನ್ನು ನಿಲ್ಲಿಸಿದೆ. ಹಾಜರಿಯಲ್ಲಿ ಸಂಖ್ಯೆ ಕರೆಯುವುದನ್ನೂ ಬಿಟ್ಟೆ; ಮುಖ ನೋಡಿ ಗುರುತು ಹಾಕತೊಡಗಿದೆ. ಯಾರ ಅಪ್ಪ ಯಾರ ಹೊಲದಲ್ಲಿ ದುಡಿಯುತ್ತಾನೆ, ಯಾರು ಯಾರ ಪಕ್ಕ ಕೂರುವುದಿಲ್ಲ, ಯಾರ ಕೂದಲು ಯಾವ ದೇವರದು, ಎಲ್ಲ ಕೇಳಿ ತಿಳಿದುಕೊಂಡೆ. ಮಕ್ಕಳು ನನ್ನ “ಎಲ್ರೂವೆ”ಗೆ ಮತ್ತೆ ಬಹಿರಂಗವಾಗಿ ನಗತೊಡಗಿದರು. ನಾನೂ ನಕ್ಕೆ. ಒಳ್ಳೆಯ ಮೇಷ್ಟ್ರು ಎಂಬ ಹೆಸರು ಬಂದದ್ದೂ ಆಗಲೇ. ಆ ಹೆಸರನ್ನು ಯಾರ ಖರ್ಚಿನಲ್ಲಿ ಪಡೆದೆ ಎಂದು ಯಾರೂ ಕೇಳಲಿಲ್ಲ.

ನಿವೃತ್ತಿಗೆ ಒಂದು ವರ್ಷವಿರುವಾಗ ಯಾವುದೋ ಕೆಲಸಕ್ಕೆ ಹರಪನಹಳ್ಳಿಗೆ ಹೋಗಿದ್ದೆ. ಮೆಕ್ಕೆಜೋಳದ ಕಾಲ. ಮಾರುಕಟ್ಟೆಯ ಅಂಗಳದಲ್ಲಿ ಹೆಂಗಸರು ಚೆಲ್ಲಿದ ಕಾಳು ಗುಡಿಸಿ ಕೇರುತ್ತಿದ್ದರು. ಒಬ್ಬಳು ಮೊರ ಕೆಳಗಿಟ್ಟು ಎದ್ದು ಬಂದಳು. ಮೈಯೆಲ್ಲ ಹೊಟ್ಟಿನ ಧೂಳು.

“ಸಾ, ನೆಪ್ಪು ಐತೇನ್ರಿ? ನಾನು ದುರುಗಮ್ಮ.”

ಮುಖ ನೋಡಿದ ತಕ್ಷಣ ಗೊತ್ತಾಗಿತ್ತು. ಅವಳೇ ಮಾತಾಡಿದಳು. ಹಡಗಲಿ ಕಡೆ ಹೋದ ವರ್ಷವೇ ಅತ್ತೆಯ ಮಗನಿಗೆ ಕೊಟ್ಟರು. ಶಾಲೆಗೆ ಸೇರಿಸಲಿಲ್ಲ. ಎರಡು ಮಕ್ಕಳು. ನಾನು ಬರೆದುಕೊಟ್ಟ ಪತ್ರ ಟ್ರಂಕಿನಲ್ಲಿ ಹಾಗೇ ಇದೆಯಂತೆ, ಯಾರಿಗೂ ಕೊಡುವ ಪ್ರಸಂಗ ಬರಲಿಲ್ಲವಂತೆ.

“ಅಪ್ಪ ಹೇಗಿದಾನಮ್ಮ?”

“ತೀರಿಕ್ಯಂಡ ಸಾ, ಎರಡು ವರ್ಸ ಆತು. ಅವತ್ತಿನಿಂದ ಊರಾಗ ತಲಿ ಎತ್ತಿ ಅಡ್ಡಾಡಲಿಲ್ಲ.”

ನಾನು “ನನ್ನಿಂದ...” ಎಂದು ಶುರುಮಾಡಿದೆ. ಅವಳು ತಡೆದಳು. ಸಿಟ್ಟಿನಿಂದಲ್ಲ, ತಪ್ಪು ಲೆಕ್ಕವನ್ನು ಎಲ್ಲಿ ತಪ್ಪಿತು ಎಂದು ತೋರಿಸುವವರ ಹಾಗೆ.

“ಹೊಡಸಿದ್ದು ಇರ್ಲಿ ಸಾ. ನಾ ಕೈಗೆ ಬಟ್ಟಿ ಸುತ್ತಿಗ್ಯಂಡಿದ್ನೆಲ್ಲ, ಅದಕ್ಕ. ಮುಟ್ಟಿಲ್ಲ, ಬಟ್ಟಿ ಮ್ಯಾಲಿಂದ ಹಿಡಿದಾಳ, ಮೇಷ್ಟ್ರು ಹೇಳಿದ್ದಕ್ಕ ಹಿಡಿದಾಳ ಅಂತ ಅಪ್ಪ ಕಟ್ಟಿ ಮುಂದ ಹೇಳಿಕ್ಯಬಹುದಿತ್ತು. ಅದೊಂದು ಮಾತು ಇದ್ದಿದ್ರ ಸಾಕಿತ್ತು. ನೀವು ಬಿಡಿಸಿದ್ರಿ.”

ಮೇಸ್ತ್ರಿ ಕೂಗಿದ. “ಬರ್ತೀನಿ ಸಾ, ಆರಾಮಿರ್ರಿ” ಎಂದು ಹೋಗಿ ಮೊರ ಎತ್ತಿಕೊಂಡಳು. ಹದಿನಾಲ್ಕು ವರ್ಷದ ಹುಡುಗಿ ಕ್ಷಣದಲ್ಲಿ ಬಿಡಿಸಿಟ್ಟಿದ್ದ ಉತ್ತರ ನನಗೆ ಅರ್ಥವಾಗಲು ಹನ್ನೆರಡು ವರ್ಷ ಹಿಡಿದಿತ್ತು.

ನಿವೃತ್ತಿಯ ದಿನ ಶಾಲು ಹೊದಿಸಿದವರಲ್ಲಿ ಒಬ್ಬ ಕೊಟ್ರೇಶ ನಾಲ್ಕು. ಈಗ ಪಂಚಾಯಿತಿ ಸದಸ್ಯ. ಮೈಕು ಹಿಡಿದು, “ನಮ್ಮ ಮೇಷ್ಟ್ರು ಅಂದ್ರ ಹೆಂಗ? ಉತ್ತರ ಬರಲಿಲ್ಲ ಅಂದ್ರ ಮೂಗು ಹಿಡಿಸಿ ಬಡಸೋರು! ಇವತ್ತು ನಾವು ಮನುಷ್ಯಾರಾಗೀವಿ ಅಂದ್ರ ಆ ಶಿಸ್ತಿನಿಂದ!” ಎಂದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಯಾರ ಕೈಯಿಂದ ಬಡಿಸಿದ್ದು ಎಂದು ಅವನು ಹೇಳಲಿಲ್ಲ. ಆಮೇಲೆ ಮೈಕು ನನ್ನ ಕೈಗೆ ಬಂತು. ನಾನು ಎಲ್ಲರಿಗೂ ಧನ್ಯವಾದ ಹೇಳಿ ಕೂತೆ. ಹಿಂದಿನ ಕುರ್ಚಿಗಳ ಸಾಲಿನಲ್ಲಿ ಬೀರಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಕೂತಿದ್ದ. ಅವನು ಚಪ್ಪಾಳೆ ತಟ್ಟುತ್ತಿರಲಿಲ್ಲ. ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಹಾಸನದ ಕಡೆಯ ಶಿಕ್ಷಕಿಯವರೇ, ನೀವು ಕೇಳಿದ್ದು ಹಿಡಿತದ ಬಗ್ಗೆ. ನನಗೆ ಗೊತ್ತಿರುವುದು ಇಷ್ಟೇ: ಒಂದು ಮಗು ಕೈಗೆ ಏನನ್ನಾದರೂ ಸುತ್ತಿಕೊಳ್ಳುತ್ತಿದ್ದರೆ, ಬಿಡಿಸು ಎನ್ನುವ ಮೊದಲು ಏಕೆ ಎಂದು ಕೇಳಿ. ಕೇಳಲು ಮರೆತರೆ, ಆಮೇಲೆ ಬರೆಯಲಾದರೂ ಹಿಂಜರಿಯಬೇಡಿ. ಹೆಡ್‌ಮಾಸ್ಟರು ಈಗಿಲ್ಲ. ಆದರೂ ಅವರು ಓದಿ ಹೇಳಿ ಎಂದಿದ್ದ ಸಾಲು ನನ್ನ ಬಳಿ ಬಾಕಿ ಇದೆ. ಕೆಳಗೆ ಬರೆದಿದ್ದೇನೆ. ಸಹಿ ನನ್ನೊಬ್ಬನದೇ.

‘ಗುರುವಾರ ಮೂರನೇ ಪೀರಿಯಡ್‌ನಲ್ಲಿ, ಒಂಬತ್ತನೇ ತರಗತಿಯ ವಿದ್ಯಾರ್ಥಿನಿ ದುರುಗಮ್ಮ ಬೇಡ ಬೇಡವೆಂದರೂ, ಅವಳು ಕೈಗೆ ಸುತ್ತಿಕೊಂಡಿದ್ದ ವೇಲನ್ನು ಬಿಡಿಸಿ, ಬರಿಗೈಯಲ್ಲಿ ಹದಿನೆಂಟು ಹುಡುಗರ ಮೂಗು ಹಿಡಿದು ಹೊಡೆಯಬೇಕೆಂದು ಅಪ್ಪಣೆ ಮಾಡಿದವನು ನಾನು.’